ಹುಡುಗ ಕೊಡವ, ನಾನು ಕಥೋಲಿಕಳು: ಅವನು ಜ್ಞಾನಸ್ನಾನ ಪಡೆಯಲೇಬೇಕೇ?

ಪ್ರಶ್ನೆ: ನಾವು ಸಿದ್ದಾಪುರದ ಕಡೆಯವರು, ಮನೆಮಾತು ಕೊಂಕಣಿ, ಕಥೋಲಿಕರು. ಪೊನ್ನಂಪೇಟೆ ಹತ್ತಿರದ ಕೊಡವ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ. ಎರಡೂ ಮನೆಯವರು ಒಲ್ಲೆ ಎನ್ನುತ್ತಿಲ್ಲ, ಆದರೆ ಷರತ್ತಿನ ಮೇಲೆ ಷರತ್ತು. ಅವನು ಜ್ಞಾನಸ್ನಾನ ಪಡೆಯದಿದ್ದರೆ ಚರ್ಚಿನಲ್ಲಿ ಮದುವೆಯೇ ಇಲ್ಲ, ಆಮೇಲೆ ನಿನಗೆ ಪರಮಪ್ರಸಾದವೂ (ಪೂಜೆಯಲ್ಲಿ ಸ್ವೀಕರಿಸುವ ಕಮ್ಯುನಿಯನ್) ಇಲ್ಲ ಎನ್ನುತ್ತಾರೆ ಅಮ್ಮ. ಕೊಡವ ಮದುವೆಯ ಮುಹೂರ್ತ ಶಾಸ್ತ್ರ ಆಗದೆ ಮನೆಯ ಸೊಸೆ ಎಂದು ಹೇಗೆ ಕರೆಯುವುದು ಎನ್ನುತ್ತಾರೆ ಅವನ ಅಜ್ಜಿ. ಇದ್ಯಾವುದೂ ಬೇಡ, ರಿಜಿಸ್ಟರ್ ಮಾಡಿಸಿ ಮುಗಿಸೋಣ ಎನ್ನುತ್ತಾನೆ ಅವನು. ಮಕ್ಕಳ ಬಗ್ಗೆ ನಾನು ಏನೋ ಬರೆದುಕೊಡಬೇಕಂತೆ, ಅದನ್ನು ಅವನಿಗೆ ಇನ್ನೂ ಹೇಳಿಲ್ಲ. ದಾರಿ ತಿಳಿಸಿ. (ಹೆಸರು ಬೇಡ)

ಉತ್ತರ: ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಮಕ್ಕಳ ವಿಷಯ ಅವನಿಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀರಿ. ಈ ವಾರವೇ ಹೇಳಿ. ಇದು ಬರೀ ನನ್ನ ಬುದ್ಧಿಮಾತಲ್ಲ, ನಿಯಮವೇ ಹಾಗಿದೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಕ್ಯಾನನ್ (ಅಂದರೆ ನಿಯಮ) 1125 ಎಂದಿದೆ. ಕಥೋಲಿಕರು ಕೊಡುವ ಮಾತು ಏನು, ಅದರಿಂದ ಅವರ ಹೆಗಲಿಗೆ ಬರುವ ಹೊಣೆ ಏನು ಎಂಬುದು ಮದುವೆಯಾಗುವ ಇನ್ನೊಬ್ಬರಿಗೂ ಸಕಾಲದಲ್ಲಿ ಗೊತ್ತಿರಬೇಕು ಎನ್ನುತ್ತದೆ ಅದು. ಮಂಟಪ ಗೊತ್ತಾಗಿ, ಕಾರ್ಡು ಹಂಚಿ, ಇನ್ನೆರಡು ವಾರ ಇದೆ ಎನ್ನುವಾಗ ಹುಡುಗನೊಬ್ಬ ನನ್ನ ಮೇಜಿನ ಮುಂದೆ ಕೂತು ಅದನ್ನು ಮೊದಲ ಸಲ ಕೇಳಿಸಿಕೊಂಡಿದ್ದ. ಜಗಳ ಮಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ‘ಇದು ನಿನಗೆ ಮೊದಲೇ ಗೊತ್ತಿತ್ತಾ?’ ಎಂದು ಅವಳನ್ನು ಕೇಳಿದ. ಅವಳು ಉತ್ತರ ಕೊಡುವವರೆಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮದುವೆ ಆಯಿತು, ಚೆನ್ನಾಗಿಯೇ ಇದ್ದಾರೆ. ಆದರೆ ಆ ಪ್ರಶ್ನೆ ನಿಮ್ಮ ಮದುವೆಯೊಳಗೆ ಬರುವುದು ಬೇಡ.

ಇನ್ನು ಅಮ್ಮನ ಷರತ್ತು. ಅವನು ಜ್ಞಾನಸ್ನಾನ ಪಡೆಯಬೇಕಾಗಿಲ್ಲ. ಪಡೆಯಬೇಕೆಂದು ನೀವು ಒತ್ತಾಯಿಸುವ ಹಾಗೂ ಇಲ್ಲ. ದೊಡ್ಡವರಿಗೆ ಜ್ಞಾನಸ್ನಾನ ಕೊಡಬೇಕಾದರೆ ಅವರಿಗೆ ಸ್ವಂತ ವಿಶ್ವಾಸ ಹುಟ್ಟಿರಬೇಕು, ಅದಕ್ಕೆ ತಿಂಗಳುಗಟ್ಟಲೆ ತಯಾರಿ ಇದೆ. ‘ಮದುವೆ ಡೇಟ್ ಹತ್ತಿರ ಬಂತು ಫಾದರ್, ಹುಡುಗನಿಗೆ ಜ್ಞಾನಸ್ನಾನ ಕೊಟ್ಟುಬಿಡಿ’ ಎಂದು ಬಂದವರನ್ನು ನಾನು ಕಾಫಿ ಕೊಟ್ಟು ವಾಪಸು ಕಳಿಸಿದ್ದೇನೆ. ಹುಡುಗಿ ಸಿಗಲಿ ಎಂದು ತಲೆಗೆ ನೀರು ಹಾಕಿಸಿಕೊಂಡವನು ಆಮೇಲೆ ಚರ್ಚಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿದ್ದು ಕಡಿಮೆ.

ಹಾಗೆಂದು ಅಮ್ಮನ ಮೇಲೆ ಸಿಟ್ಟಾಗಬೇಡಿ. ಅವರ ತಲೆಯಲ್ಲಿರುವುದು ಅವರ ಅಮ್ಮನ ಕಾಲದ ನಿಯಮ. 1917ರ ಹಳೆಯ ಸಂಹಿತೆಯಲ್ಲಿ ಮಾತು ಕೊಡಬೇಕಾದವರು ಇಬ್ಬರೂ. ಕಥೋಲಿಕರಲ್ಲದವರು ಕೂಡ ಮಕ್ಕಳನ್ನೆಲ್ಲ ಕಥೋಲಿಕರನ್ನಾಗಿಯೇ ಬೆಳೆಸುತ್ತೇವೆ ಎಂದು, ಸಾಮಾನ್ಯವಾಗಿ ಬರಹದಲ್ಲೇ, ಒಪ್ಪಿಕೊಡಬೇಕಿತ್ತು. ಮದುವೆಯನ್ನು ಚರ್ಚಿನ ಒಳಗೆ ಮಾಡುವ ಹಾಗಿರಲಿಲ್ಲ, ಮಾಡಬೇಕಾದರೆ ಧರ್ಮಾಧ್ಯಕ್ಷರು (ಬಿಷಪ್) ಬೇರೆಯಾಗಿ ಒಪ್ಪಬೇಕಿತ್ತು. ಅದನ್ನು ಕಂಡ ಊರಿನವರ ಬಾಯಲ್ಲಿ ‘ಚರ್ಚಿನಲ್ಲಿ ಮದುವೆ ಇಲ್ಲ’ ಎಂಬ ಮಾತು ಉಳಿದಿದ್ದರೆ ಆಶ್ಚರ್ಯವಿಲ್ಲ. 1970ರಲ್ಲಿ ಪೋಪ್ ಆರನೇ ಪೌಲರು ಇದನ್ನು ಸಡಿಲಿಸಿದರು. ಅಂದಿನಿಂದ ಮಾತು ಕೊಡುವವರು ಕಥೋಲಿಕರು ಮಾತ್ರ. ಇನ್ನೊಬ್ಬರಿಗೆ ವಿಷಯ ಗೊತ್ತಿದ್ದರೆ ಸಾಕು.

ಹಾಗಾದರೆ ಬೇಕಾಗುವುದೇನು? ಧರ್ಮಾಧ್ಯಕ್ಷರ ವಿನಾಯಿತಿ, ಅಂದರೆ ನಮ್ಮ ಚರ್ಚ್ ಆಫೀಸುಗಳಲ್ಲಿ ಎಲ್ಲರೂ ಹೇಳುವ ‘ಡಿಸ್ಪೆನ್ಸೇಶನ್’. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ, ತುಂಬ ಜನ ಎಡವುವುದು ಇದರಲ್ಲೇ. ನಿಮ್ಮ ಹುಡುಗ ಸಿಎಸ್‌ಐ (ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನವನಾಗಿದ್ದರೆ ಅವನೂ ಜ್ಞಾನಸ್ನಾನ ಪಡೆದವನೇ, ಆಗ ಬೇಕಿದ್ದುದು ಬರೀ ಅನುಮತಿ. ಜ್ಞಾನಸ್ನಾನವೇ ಆಗದವನ ವಿಷಯ ಬೇರೆ. ಕ್ಯಾನನ್ 1086ರ ಪ್ರಕಾರ ಅದು ಮದುವೆಯನ್ನೇ ಅಸಿಂಧು ಮಾಡುವ ಅಡ್ಡಿ. ವಿನಾಯಿತಿ ಇಲ್ಲದೆ ಕದ್ದುಮುಚ್ಚಿ ಎಷ್ಟು ಅದ್ದೂರಿಯಾಗಿ ಮಾಡಿದರೂ ಧರ್ಮಸಭೆಯ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ. ವಿನಾಯಿತಿ ಸಿಕ್ಕಿತೋ, ಪೂರ್ತಿ ಸಿಂಧು. ಕೊಡಗು ಮೈಸೂರು ಧರ್ಮಕ್ಷೇತ್ರಕ್ಕೆ (ಡಯಾಸಿಸ್) ಸೇರಿರುವುದರಿಂದ ನಿಮ್ಮ ಅರ್ಜಿ ಹೋಗುವುದು ಮೈಸೂರಿಗೆ. ಅದನ್ನು ಬರೆದು ಕಳಿಸುವವರು ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳು, ನೀವಲ್ಲ. (ಕೇರಳ ಮೂಲದ ಪೌರ್ವಾತ್ಯ ಕಥೋಲಿಕ ಸಭೆಯಾದ ಸಿರೋ-ಮಲಬಾರ್‌ಗೆ ಸೇರಿದ ಮಲೆಯಾಳಿ ಮನೆಯವರು ಇದನ್ನು ಓದುತ್ತಿದ್ದರೆ: ನಿಮ್ಮದು ಪೌರ್ವಾತ್ಯ ಸಭೆಗಳ 1990ರ ಸಂಹಿತೆ. ಈ ವಿಷಯದಲ್ಲಿ ತಿರುಳು ಒಂದೇ, ಅರ್ಜಿ ಹೋಗುವ ವಿಳಾಸ ಬೇರೆ.)

ಈಗ ಆ ಬರೆದುಕೊಡುವ ಕಾಗದ. ಅದರಲ್ಲಿ ಇರುವುದು ಎರಡೇ ಮಾತು. ನನ್ನ ವಿಶ್ವಾಸದಿಂದ ದೂರವಾಗುವ ಅಪಾಯಗಳನ್ನು ದೂರವಿಡಲು ನಾನು ಸಿದ್ಧಳಿದ್ದೇನೆ ಎಂಬುದು ಒಂದು. ಮಕ್ಕಳೆಲ್ಲರೂ ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆದು ಬೆಳೆಯುವಂತೆ ನನ್ನಿಂದಾದುದನ್ನೆಲ್ಲ ಮಾಡುತ್ತೇನೆ ಎಂಬುದು ಎರಡು. ಆ ‘ನನ್ನಿಂದಾದುದನ್ನೆಲ್ಲ’ ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದಕ್ಕೆ ಹೆದರಲೂಬೇಡಿ. ನಾಳೆ ಅವನು ಖಡಾಖಂಡಿತ ಒಪ್ಪದೆ ಹೋದರೆ ನಿಮ್ಮ ಮದುವೆ ಮುರಿಯಬೇಕೆಂದೋ, ದಿನಾ ಮನೆಯಲ್ಲಿ ಯುದ್ಧವಾಗಬೇಕೆಂದೋ ಧರ್ಮಸಭೆ ಕೇಳುವುದಿಲ್ಲ. ಆದರೆ ಸಹಿ ಹಾಕುವ ದಿನವೇ ‘ಇದೆಲ್ಲ ಫಾರ್ಮಾಲಿಟಿ, ಆಮೇಲೆ ನೋಡಿಕೊಂಡರಾಯಿತು’ ಎಂದು ಮನಸ್ಸಿನಲ್ಲಿದ್ದರೆ ಅದು ಸುಳ್ಳು ಸಹಿ. ಪ್ರಾಮಾಣಿಕವಾಗಿ ಕೊಡುವ ಮಾತು ಎಂದೇ ಆ ಕ್ಯಾನನ್ ಹೇಳುವುದು.

ಹುಡುಗರು ಫಾರಂ ನೋಡಿದ ಕೂಡಲೇ ಪೆನ್ನು ತೆಗೆದು ‘ನಾನು ಎಲ್ಲಿ ಸೈನ್ ಮಾಡಬೇಕು?’ ಎಂದು ಕೇಳುತ್ತಾರೆ. ಅವರು ಮಾತು ಕೊಡುವುದಿಲ್ಲ. ‘ಅವಳು ಕೊಟ್ಟ ಮಾತು ನನಗೆ ಗೊತ್ತಾಗಿದೆ’ ಎಂಬ ಸಾಲಿನ ಕೆಳಗಷ್ಟೇ ಅವರ ಸಹಿ. ಎರಡಕ್ಕೂ ಅಜಗಜಾಂತರ. ಇದನ್ನು ನಿಮ್ಮ ಹುಡುಗನಿಗೆ ಬಿಡಿಸಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಉಳಿದರ್ಧ ಭಾರ ಅವನ ಒಕ್ಕದ್ದು, ಅಂದರೆ ಅಪ್ಪನ ಕಡೆಯ ಮನೆತನದ್ದು. ಕೊಡವ ಮನೆಯಲ್ಲಿ ಮಗು ಅಪ್ಪನ ಒಕ್ಕಕ್ಕೆ ಸೇರಿದ್ದು, ಹೆಸರಿನ ಜೊತೆ ಮನೆತನದ ಹೆಸರು ಬರುತ್ತದೆ. ಜ್ಞಾನಸ್ನಾನ ಕೊಟ್ಟರೆ ಮಗು ಒಕ್ಕದಿಂದ ಹೊರಗೆ ಹೋಯಿತು ಎಂದು ಹಿರಿಯರು ಅಂದುಕೊಳ್ಳುತ್ತಾರೆ. ಧರ್ಮಸಭೆಯ ಕಡೆಯಿಂದ ಮಗುವಿಗೆ ಅಪ್ಪನ ಮನೆಹೆಸರು ಇರುವುದಕ್ಕೆ ಯಾವ ತಕರಾರೂ ಇಲ್ಲ. ಗಂಡು ಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೈಗೆ ಮುಟ್ಟಿಸುವುದು, ಐನ್‌ಮನೆಗೆ (ಒಕ್ಕದ ಮೂಲಮನೆ) ಕರೆದೊಯ್ಯುವುದು, ಪುತ್ತರಿ ಸುಗ್ಗಿಹಬ್ಬಕ್ಕೆ ಕದಿರು ತೆಗೆಯಲು ಗದ್ದೆಗೆ ಹೋಗುವುದು, ಇವೆಲ್ಲ ನೆಲಕ್ಕೆ, ಕುಲಕ್ಕೆ ಸೇರಿದ ಸಂಭ್ರಮಗಳು. ಅಮ್ಮನ ಮನೆಯ ಚರ್ಚಿನಲ್ಲೂ ತೆನೆಹಬ್ಬ ಇದೆಯಲ್ಲ, ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ತಂದು ಆಶೀರ್ವಾದ ಮಾಡಿಸುತ್ತೀರಲ್ಲ. ಆದರೆ ‘ಕಾರಣ’ ಎನ್ನುವ ಒಕ್ಕದ ಮೂಲಪುರುಷನಿಗೆ, ಗುರುಹಿರಿಯರಿಗೆ ಎಡೆ ಇಟ್ಟು ಪೂಜಿಸುವುದು ಆರಾಧನೆಯ ಗಡಿಗೆ ಬರುತ್ತದೆ. ಅಲ್ಲಿ ಮಗು ಕೈಮುಗಿದು ನಿಲ್ಲುತ್ತದೋ, ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತದೋ ಎಂಬುದನ್ನು ನೀವಿಬ್ಬರೂ ಈಗಲೇ ಮಾತಾಡಿ. ‘ಎರಡನ್ನೂ ಹೇಳಿಕೊಡೋಣ, ದೊಡ್ಡದಾದ ಮೇಲೆ ಅದೇ ಆರಿಸಿಕೊಳ್ಳಲಿ’ ಎಂಬುದು ಕೇಳಲು ಇಂಪಾದ ಮಾತು. ಆದರೆ ನೀವು ಸಹಿ ಹಾಕುವ ಕಾಗದದಲ್ಲಿ ಆ ಮಾತಿಲ್ಲ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಮುಹೂರ್ತದ ವಿಷಯ ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಕ್ಯಾನನ್ 1127ರ ಮೂರನೇ ಭಾಗ ಹೇಳುವುದಿಷ್ಟು: ಚರ್ಚಿನಲ್ಲಿ ಮದುವೆಯಾದರೆ, ಅದಕ್ಕೆ ಮೊದಲಾಗಲಿ ಆಮೇಲಾಗಲಿ, ಮದುವೆಯ ಒಪ್ಪಿಗೆಯನ್ನು ಕೊಡುವ ಅಥವಾ ಮತ್ತೆ ಹೇಳುವ ಇನ್ನೊಂದು ಧಾರ್ಮಿಕ ವಿಧಿ ನಡೆಯಬಾರದು. ಮದುವೆ ಒಂದೇ ಸಲ ಆಗುವುದು, ಎರಡು ಸಲ ಅಲ್ಲ ಎಂಬುದು ಇದರ ಹಿಂದಿನ ತರ್ಕ. ಬೇರೆ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. ಪುರೋಹಿತರು, ಹೋಮ, ಸಪ್ತಪದಿ ಇದ್ದರೆ ಅದು ಎರಡನೇ ಮದುವೆ ವಿಧಿ, ಬೇಡ. ಕೊಡಗಿನಲ್ಲಿ ಹಾಗಲ್ಲ. ಕೊಡವ ಮದುವೆಗೆ ಪುರೋಹಿತರೇ ಬೇಕಿಲ್ಲ. ಹುಡುಗನನ್ನೋ ಹುಡುಗಿಯನ್ನೋ ಮುಕ್ಕಾಲಿಯ ಮೇಲೆ ಕೂರಿಸುತ್ತಾರೆ, ಮುಂದೆ ದೀಪ. ಅಮ್ಮ ಮೊದಲು, ಆಮೇಲೆ ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಮಂಡಿಗೆ, ಹೆಗಲಿಗೆ, ತಲೆಗೆ ಅಕ್ಕಿ ಹಾಕಿ, ಕಿಂಡಿ ಎಂಬ ಮೂತಿಯಿರುವ ಪಾತ್ರೆಯಿಂದ ಒಂದು ಗುಟುಕು ಹಾಲು ಕುಡಿಸಿ, ಕೈಗೆ ಹಣವಿಟ್ಟು ಹರಸುತ್ತಾರೆ. ಅಲ್ಲಿ ಯಾರೂ ಯಾರನ್ನೂ ‘ಒಪ್ಪಿದೆಯಾ’ ಎಂದು ಕೇಳುವುದಿಲ್ಲ. ಹಿರಿಯರ ಹರಕೆ ಪಡೆಯುವುದು ಒಪ್ಪಿಗೆಯ ವಿಧಿ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಹಿಂದಿನ ದಿನ ‘ರೋಸ್’ ಎಂದು ತೆಂಗಿನಹಾಲು ಹಚ್ಚಿ ಹರಸುವುದಿಲ್ಲವೇ, ಅದನ್ನು ಯಾವ ಗುರುಗಳೂ ಎರಡನೇ ಮದುವೆ ಎಂದಿಲ್ಲ.

ತೊಡಕು ಬರುವುದು ಸಂಬಂಧ ಕೊಡುವ ಶಾಸ್ತ್ರದಲ್ಲಿ. ಎರಡೂ ಕಡೆಯ ಅರುವರು (ಮನೆತನದ ಪರವಾಗಿ ಮಾತಾಡುವವರು) ಎದುರುಬದುರು ನಿಂತು, ಪ್ರಶ್ನೆ ಉತ್ತರ ನಡೆದು, ಸಣ್ಣ ಕಲ್ಲುಗಳನ್ನು ಎಣಿಸಿ ಕೊಟ್ಟು, ಹುಡುಗಿಯ ಹಕ್ಕನ್ನು ಹುಡುಗನ ಒಕ್ಕಕ್ಕೆ ದಾಟಿಸುತ್ತಾರಲ್ಲ, ಕೊಡವರ ಲೆಕ್ಕದಲ್ಲಿ ಮದುವೆ ಗಟ್ಟಿಯಾಗುವುದೇ ಅಲ್ಲಿ. ಅದು ಧಾರ್ಮಿಕವೋ, ಕುಲದ ಕರಾರೋ? ಕರಾರು ಎಂದು ನನ್ನ ಅಭಿಪ್ರಾಯ. ಆದರೆ ನನ್ನ ಅಭಿಪ್ರಾಯ ತೋರಿಸಿ ನೀವು ಅನುಮತಿ ಪಡೆಯಲಾಗದು. ಏನೇನು ನಡೆಯುತ್ತದೆ ಎಂದು ಒಂದು ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದು ಗುರುಗಳ ಮೂಲಕ ಮೈಸೂರಿಗೆ ಕಳಿಸಿ ಕೇಳಿ. ಮೊದಲು ಅವನ ಕಡೆಯವರು ನಿಮಗೆ ಈ ಶಾಸ್ತ್ರ ಮಾಡುತ್ತಾರೆಯೇ ಎಂದೂ ಕೇಳಿಕೊಳ್ಳಿ. ಹೊರಗಿನ ಹುಡುಗಿಗೆ ಯಾವ ಶಾಸ್ತ್ರ ಮಾಡಬೇಕು, ಯಾವುದು ಬೇಡ ಎಂಬುದರಲ್ಲಿ ಒಂದೊಂದು ಒಕ್ಕದ್ದು ಒಂದೊಂದು ನಿಲುವು. ಕೊಡವ ಸಮಾಜದ ಮಂಟಪಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ವಿಚಾರಿಸುವುದು ಜಾಣತನ.

ಅಜ್ಜಿಯ ಪಟ್ಟು ಸಡಿಲವಾಗದಿದ್ದರೆ ಇನ್ನೊಂದು ದಾರಿ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆಯೇ ಒಪ್ಪಿಗೆ ಹೇಳಬೇಕು ಎಂಬ ವಿಧಿಕ್ರಮದಿಂದಲೇ ಧರ್ಮಾಧ್ಯಕ್ಷರು ವಿನಾಯಿತಿ ಕೊಡಬಹುದು. ಅದಕ್ಕೆ ಗಂಭೀರ ಕಾರಣ ಬೇಕು, ಕುಟುಂಬ ಒಡೆಯುವಂಥ ಪರಿಸ್ಥಿತಿ ಕಾರಣವಾಗಬಲ್ಲದು. ಆಗ ಎರಡು ವಿನಾಯಿತಿ ಒಟ್ಟಿಗೆ ಬರುತ್ತವೆ, ಮತ್ತು ನಾಲ್ಕು ಜನರೆದುರು ಬಹಿರಂಗವಾಗಿ ನಡೆಯುವ ಬೇರೊಂದು ಮದುವೆಯೇ ಧರ್ಮಸಭೆಯ ಲೆಕ್ಕದಲ್ಲೂ ನಿಮ್ಮ ಮದುವೆ. ಆಮೇಲೆ ಚರ್ಚಿನಲ್ಲಿ ಮತ್ತೆ ‘ಒಪ್ಪಿದ್ದೇನೆ’ ಎನ್ನುವುದಿಲ್ಲ. ನಾನಾದರೆ ಇದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳುತ್ತೇನೆ. ಕಾರಣ ಕಾನೂನಿನದ್ದು, ಮುಂದೆ ಹೇಳುತ್ತೇನೆ.

ಚರ್ಚಿನಲ್ಲಿ ಆದರೆ ಹೇಗಿರುತ್ತದೆ? ಕ್ರೈಸ್ತರಲ್ಲದವರ ಜೊತೆಗಿನ ಮದುವೆಗೆಂದೇ ಬೇರೆ ಕ್ರಮ ಇದೆ, ಬಲಿಪೂಜೆ (ಮಾಸ್) ಇಲ್ಲದ್ದು. ವಾಚನ, ಬೋಧನೆ, ಒಪ್ಪಿಗೆ, ಉಂಗುರ, ಆಶೀರ್ವಾದ, ಅರ್ಧ ಮುಕ್ಕಾಲು ಗಂಟೆ. ಪೂಜೆ ಇಲ್ಲ ಎಂದು ಅಮ್ಮ ಬೇಸರ ಮಾಡಿಕೊಂಡರೆ ಹೇಳಿ: ಬಂದವರಲ್ಲಿ ಅರ್ಧ ಜನ, ಮದುಮಗನೂ ಸೇರಿ, ಪರಮಪ್ರಸಾದದ ಹೊತ್ತಿಗೆ ಬೆಂಚಿನಲ್ಲಿ ಕೂತಿರಬೇಕಾಗುತ್ತದೆ, ಅದಕ್ಕಿಂತ ಇದು ಮೇಲು. ಅವನು ಕೊಡವ ಉಡುಪಾದ ಕುಪ್ಯಚೇಲೆಯಲ್ಲಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡೇ ಬರಲಿ, ಅದನ್ನು ತಡೆಯುವ ಕ್ಯಾನನ್ ಇಲ್ಲ. ನಿಮ್ಮ ಮದುವೆ ಸಿಂಧುವಾಗಿರುತ್ತದೆ, ಆದರೆ ಸಂಸ್ಕಾರ (ಸ್ಯಾಕ್ರಮೆಂಟ್, ಅಂದರೆ ದೇವಕೃಪೆಯ ಪವಿತ್ರ ವಿಧಿ) ಆಗಿರುವುದಿಲ್ಲ. ಇಬ್ಬರೂ ಜ್ಞಾನಸ್ನಾನ ಪಡೆದಿದ್ದರಷ್ಟೇ ಮದುವೆ ಸಂಸ್ಕಾರ. ಮುಂದೆಂದೋ ಅವನು ತಾನಾಗಿಯೇ ಜ್ಞಾನಸ್ನಾನ ಪಡೆದರೆ ಇದೇ ಮದುವೆ ಸಂಸ್ಕಾರವಾಗುತ್ತದೆ, ಮತ್ತೆ ಮದುವೆ ಮಾಡಬೇಕಾಗಿಲ್ಲ. ವಿನಾಯಿತಿ ಪಡೆದು ಮದುವೆಯಾದ ನಿಮಗೆ ಪರಮಪ್ರಸಾದ, ಪಾಪನಿವೇದನೆ ಯಾವುದೂ ತಪ್ಪುವುದಿಲ್ಲ.

ತಪ್ಪುವುದು ಹುಡುಗ ಹೇಳುವ ‘ರಿಜಿಸ್ಟರ್ ಮಾಡಿಸಿ ಮುಗಿಸೋಣ’ ದಾರಿಯಲ್ಲಿ. ವಿನಾಯಿತಿ ಪಡೆಯದೆ ಬರೀ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದರೆ ಸರ್ಕಾರಕ್ಕೆ ನೀವು ಗಂಡಹೆಂಡತಿ, ಧರ್ಮಸಭೆಗೆ ಅಲ್ಲ. ಆಗ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಬಹಿಷ್ಕಾರ ಎನ್ನುವುದೆಲ್ಲ ಊರಿನ ಬಾಯಿಮಾತು, ನೀವು ಕಥೋಲಿಕಳಾಗಿಯೇ ಇರುತ್ತೀರಿ, ಪೂಜೆಗೆ ಬರಬಹುದು. ಹೀಗೆ ಮಾಡಿಕೊಂಡವರು ಹತ್ತಾರು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಹೋಗುತ್ತಾರೆ, ಯಾರನ್ನೂ ಕೇಳುವುದಿಲ್ಲ. ಅವರಿಗಾಗಿ ಇಲ್ಲೇ ಒಂದು ಮಾತು. ಇದನ್ನು ಸರಿಪಡಿಸಬಹುದು. ಸರಳವಾಗಿ ಚರ್ಚಿನಲ್ಲಿ ಮತ್ತೆ ಒಪ್ಪಿಗೆ ಹೇಳುವುದು ಒಂದು ಬಗೆ. ‘ನಾನು ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಮತ್ತೆಂಥ ಮದುವೆ’ ಎಂದು ಗಂಡ ಬರಲು ಒಪ್ಪದಿದ್ದರೆ, ಆ ಹಳೆಯ ಒಪ್ಪಿಗೆಯನ್ನೇ ಬುಡದಿಂದ ಸಿಂಧುಗೊಳಿಸುವ ಕ್ರಮವಿದೆ. ಧರ್ಮಾಧ್ಯಕ್ಷರು ಕಾಗದದಲ್ಲೇ ಮಾಡುತ್ತಾರೆ, ಗಂಡ ಚರ್ಚಿಗೆ ಬರಬೇಕಿಲ್ಲ. ಹೆಂಡತಿ ಕೊಡುವ ಆ ಎರಡು ಮಾತು ಮಾತ್ರ ಅಲ್ಲೂ ಬೇಕು.

ಸರ್ಕಾರದ ಕಾನೂನು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೂ ಅನ್ವಯಿಸುತ್ತದೆ, ಹಾಗಾಗಿ ನಿಮ್ಮ ಚರ್ಚ್ ಮದುವೆ ಕಾನೂನಿಗೂ ಮದುವೆಯೇ. 1955ರ ಹಿಂದೂ ವಿವಾಹ ಕಾಯ್ದೆಗೆ ಇಬ್ಬರೂ ಹಿಂದೂಗಳಾಗಿರಬೇಕು. ಹಿಂದೂ ಹುಡುಗಿ, ರೋಮನ್ ಕಥೋಲಿಕ ಹುಡುಗ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಆ ಕಾಯ್ದೆಯಡಿ ನೋಂದಾಯಿಸಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಆ ಮದುವೆ ಅನೂರ್ಜಿತ ಎಂದಿತು. ಮುಹೂರ್ತವೊಂದನ್ನೇ ನಂಬಿದರೆ ನಿಮ್ಮ ಕೈಯಲ್ಲಿ ಗಟ್ಟಿ ಕಾಗದ ಉಳಿಯುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಆ ದಾರಿ ಹಿಡಿದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮಾಡಿಸಲೇಬೇಕು: ಒಬ್ಬರಾದರೂ 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದಿರಬೇಕು, ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ನೋಟಿಸು ಬೋರ್ಡಿಗೆ ಹಾಕುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೆ ಸಿದ್ಧರಿರಿ.

ಈ ಕಾಯ್ದೆಯ 19ನೇ ಕಲಂ ಅವನ ಮನೆಯವರು ಓದಲೇಬೇಕಾದದ್ದು. ಅವಿಭಕ್ತ ಕುಟುಂಬದ ಹಿಂದೂ ಒಬ್ಬರು ಕ್ರೈಸ್ತರನ್ನು ಈ ಕಾಯ್ದೆಯಡಿ ಮದುವೆಯಾದರೆ ಆ ಕುಟುಂಬದಿಂದ ಬೇರೆಯಾದಂತೆ ಲೆಕ್ಕ. ಪಾಲು ಕಳೆದುಕೊಂಡಂತೆ ಅಲ್ಲ, ಪಾಲು ಬೇರೆಯಾದಂತೆ. ಮುಂದೆ ಅವನ ಆಸ್ತಿಯ ವಾರಸುದಾರಿಕೆಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಒಕ್ಕದ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಜಮೀನು), ತೋಟ ಒಟ್ಟಿಗಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಜಮ್ಮಾ ದಾಖಲೆ ನೋಡಿ ಪಳಗಿದ ವಕೀಲರಿಗೆ ಆರ್‌ಟಿಸಿ ತೋರಿಸಿ ಕೇಳಿ, ಇದು ನನ್ನ ಕ್ಷೇತ್ರವಲ್ಲ.

ಅಜ್ಜಿಯ ಹತ್ತಿರ ಮಾತಾಡುವಾಗ ಒಂದು ಹಳೆಯ ಸಂಗತಿ ನೆನಪಿಸಬಹುದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ, ಅಲ್ಲಿನ ಸಂತ ಅನ್ನಮ್ಮನವರ ಚರ್ಚಿನ ಮೂಲ 1792ರದ್ದು. ಈ ನೆಲಕ್ಕೆ ನಾವು ನಿನ್ನೆ ಮೊನ್ನೆ ಬಂದವರಲ್ಲ.

ಇನ್ನು ಓಡಾಟ. ಮದುವೆಗೆ ಆರು ತಿಂಗಳು ಇರುವಾಗಲೇ ನಿಮ್ಮ ಗುರುಗಳನ್ನು ಇಬ್ಬರೂ ಒಟ್ಟಿಗೆ ಹೋಗಿ ಕಾಣಿ. ಮದುವೆ ತಯಾರಿ ಶಿಬಿರಕ್ಕೆ ಅವನೂ ಬರಬೇಕು, ಮದುವೆಯ ಉದ್ದೇಶ, ಒಬ್ಬರಿಗೆ ಒಬ್ಬರೇ, ಸಾಯುವವರೆಗೆ ಎಂಬುದನ್ನು ಇಬ್ಬರೂ ಒಪ್ಪಿರಬೇಕು ಎಂದು ನಿಯಮ. ಅವನ ಜನನ ಪ್ರಮಾಣಪತ್ರ, ಅವನಿಗೆ ಹಿಂದೆ ಮದುವೆಯಾಗಿಲ್ಲ ಎಂದು ಬಲ್ಲವರ ಹೇಳಿಕೆ ಬೇಕಾಗುತ್ತದೆ. ಆಗಿ ಕೋರ್ಟಿನಲ್ಲಿ ವಿಚ್ಛೇದನ ಪಡೆದಿದ್ದರೆ ಮೊದಲೇ ಹೇಳಿ, ಕೊಡವ ಪದ್ಧತಿಯ ಮದುವೆಯನ್ನೂ ಧರ್ಮಸಭೆ ಮದುವೆ ಎಂದೇ ಎಣಿಸುತ್ತದೆ, ಆಗ ಲೆಕ್ಕವೇ ಬೇರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ದಿನಾಂಕ ಇಡಬೇಡಿ. ಸಾಯಂಕಾಲದ ಮದುವೆಯ ಆಸೆ ಇದ್ದರೆ, ಕ್ರೈಸ್ತ ವಿವಾಹ ಕಾಯ್ದೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಎನ್ನುತ್ತದೆ, ಅದನ್ನು ಮೀರಲು ಧರ್ಮಾಧ್ಯಕ್ಷರ ಪರವಾನಗಿ ಬೇಕು.

ನಿಮ್ಮ ಕಡೆಯಿಂದ ಮೊದಲು ಬೇಕಾಗುವುದು ಜ್ಞಾನಸ್ನಾನದ ಪತ್ರ. ಅಮ್ಮ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿರುವ ಹಳೆಯದು ನಡೆಯುವುದಿಲ್ಲ, ಆರು ತಿಂಗಳೊಳಗೆ ಪಡೆದ ಹೊಸ ಪ್ರತಿ ಕೇಳುತ್ತಾರೆ. ಮದುವೆಯಾದರೆ ಅದನ್ನು ಜ್ಞಾನಸ್ನಾನದ ರಿಜಿಸ್ಟರಿನಲ್ಲೇ ನಿಮ್ಮ ಹೆಸರಿನ ಎದುರು ಬರೆಯುತ್ತಾರೆ, ಆ ಜಾಗ ಖಾಲಿ ಇದೆ ಎಂದು ಹೊಸ ಪ್ರತಿಯಿಂದ ಗೊತ್ತಾಗಬೇಕು. ನಿಮಗೆ ಜ್ಞಾನಸ್ನಾನವಾದ ಚರ್ಚ್ ಯಾವುದು ಎಂದು ಅಮ್ಮನನ್ನೇ ಕೇಳಿ, ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಹೋಗಿ.